ಮೀಟರ್ ಸೊನ್ನೆ ಎಂದ ರಾತ್ರಿ

ಜುಲೈ ಬಂತೆಂದರೆ ತುಂಗಭದ್ರೆ ಕೆಂಪಾಗುತ್ತಾಳೆ. ಮಲೆನಾಡಿನಲ್ಲಿ ಹಿಡಿದ ಮಳೆ ನಮ್ಮ ಬಯಲುಸೀಮೆಯ ಊರಿಗೆ ತಲುಪುವುದೇ ಮಣ್ಣು ಕಲಸಿಕೊಂಡು. ಆ ದಿನಗಳಲ್ಲಿ ನೀರು ಶುದ್ಧೀಕರಣ ಘಟಕದ ರಾತ್ರಿ ಪಾಳಿ ಯಾರಿಗೂ ಬೇಡ. ಆಲಂ ಎಷ್ಟು ಹಾಕಿದರೂ ಸಾಲದು, ಫಿಲ್ಟರ್ ಬೆಡ್ ಎಷ್ಟು ತೊಳೆದರೂ ಮುಗಿಯದು. ಅಂಥದೊಂದು ರಾತ್ರಿ ನಾನು ಹಿರಿಯ ಆಪರೇಟರ್ ಒಬ್ಬರ ಜೊತೆ ಪಾಳಿಯಲ್ಲಿದ್ದೆ.

ಆ ವರ್ಷ ಗೋಡೆಗೆ ಹೊಸ ಆನ್‌ಲೈನ್ ಕ್ಲೋರಿನ್ ಮೀಟರ್ ಬಂದಿತ್ತು. ಒಳಗೆ ಎರಡು ಬಾಟಲಿ, ಒಂದರಲ್ಲಿ ಬಫರ್, ಇನ್ನೊಂದರಲ್ಲಿ ಕ್ಲೋರಿನ್ ತಾಗಿದರೆ ಗುಲಾಬಿಯಾಗುವ ಡಿಪಿಡಿ. ಕೆಲವು ನಿಮಿಷಕ್ಕೊಮ್ಮೆ ಅದು ಪುಟ್ಟ ಗಾಜಿನ ಕೋಶಕ್ಕೆ ನೀರು ಹಿಡಿದು, ಬರಿ ನೀರಿನಲ್ಲಿ ಬೆಳಕು ಹಾಯಿಸಿ ಸೊನ್ನೆ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಎರಡೂ ದ್ರವ ಬೆರೆಸಿ, ಎಷ್ಟು ಗುಲಾಬಿಯಾಯಿತು ಎಂದು ನೋಡುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಆ ಅಂಕಿ ನೇರ ಹೈಪೋಕ್ಲೋರೈಟ್ ಡೋಸಿಂಗ್ ಪಂಪಿಗೆ ಹೋಗುತ್ತಿತ್ತು. ಅಂಕಿ ಇಳಿದರೆ ಪಂಪು ತಾನೇ ಏರುತ್ತದೆ. ನೋಡುವ ಕಣ್ಣು, ಸುರಿಯುವ ಕೈ ಎರಡನ್ನೂ ಒಂದೇ ಯಂತ್ರಕ್ಕೆ ಕೊಟ್ಟು, ಏರಿಕೆಗೆ ಮಿತಿಯನ್ನೇ ಇಡದಿದ್ದದ್ದು ನನಗೆ ಇವತ್ತಿಗೂ ಒಪ್ಪದ ಸಂಗತಿ.

ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆನ್ನುತ್ತದೆ ಭಾರತೀಯ ಮಾನಕ 10500. ಅದಕ್ಕೆಂದು ನಾವು ಘಟಕದಲ್ಲಿ 1ರ ಆಸುಪಾಸು ಇಡುತ್ತಿದ್ದೆವು. ಆ ರಾತ್ರಿ ಅಂಕಿ 0.6ಕ್ಕೆ ಬಂತು, 0.3ಕ್ಕೆ ಇಳಿಯಿತು, ಅಲಾರಂ ಹೊಡೆದುಕೊಂಡಿತು. ಹೋಗಿ ನೋಡಿದರೆ ಸ್ಯಾಂಪಲ್ ನೀರು ಹನಿ ಹನಿ ಬೀಳುತ್ತಿದೆ. ಫಿಲ್ಟರ್ ದಾಟಿ ಬಂದ ಆಲಂ ಗಸಿ ಸ್ಯಾಂಪಲ್ ಲೈನಿನ ಜಾಲರಿಗೆ ಅಂಟಿಕೊಂಡಿತ್ತು. ಸ್ಯಾಂಪಲ್ ಟ್ಯೂಬಿನ ಒಳಗೋಡೆಗೆ ಲೋಳೆ ಬೇರೆ. ನೀರು ಅಲ್ಲಿ ತೆವಳುತ್ತ ಬಂದರೆ ಇದ್ದ ಕ್ಲೋರಿನ್ನನ್ನು ಆ ಲೋಳೆಯೇ ತಿಂದುಬಿಡುತ್ತದೆ. ಜಾಲರಿ ತೊಳೆದು ಹಾಕಿದೆ, ನೀರು ಸೊಗಸಾಗಿ ಹರಿಯಿತು. ಇನ್ನೇನು ಅಂಕಿ ಏರುತ್ತದೆ ಅಂತ ಕಾದರೆ, ಅದು 0.1 ತೋರಿಸಿತು. ಮುಂದಿನ ಸಲ 0.0.

ಡಿಪಿಡಿ ಮುಗಿದಿರಬೇಕೆಂದು ಬಾಟಲಿ ನೋಡಿದೆ, ಅರ್ಧಕ್ಕಿಂತ ಹೆಚ್ಚೇ ಇತ್ತು. ಟ್ಯೂಬಿನಲ್ಲಿ ಗುಳ್ಳೆಯಿಲ್ಲ, ಕೋಶದ ಗಾಜು ಮಾಸಿಲ್ಲ. ಪಂಪು ಮಾತ್ರ ಪೂರ್ತಿ ಸ್ಟ್ರೋಕಿನಲ್ಲಿ ಟಕಟಕ ಬಡಿಯುತ್ತಿತ್ತು. ಹಿರಿಯರು ಒಳಗೆ ಬಂದವರೇ ಮೂಗು ಸುಕ್ಕಿಸಿ, ‘ಮೊದಲು ಅದನ್ನ ಆಫ್ ಮಾಡು’ ಎಂದರು.

ಗಾಜಿನ ಕೊಳವೆಗೆ ಸ್ಯಾಂಪಲ್ ಹಿಡಿದು ಡಿಪಿಡಿ ಮಾತ್ರೆ ಪುಡಿಮಾಡಿ ಹಾಕಿದರು. ನನ್ನ ಕಣ್ಣೆದುರೇ ನೀರು ಒಮ್ಮೆ ಚಕ್ಕನೆ ಗುಲಾಬಿಗೆ ತಿರುಗಿ, ಎರಡು ಸಲ ಅಲ್ಲಾಡಿಸುವಷ್ಟರಲ್ಲಿ ಮತ್ತೆ ತಿಳಿಯಾಯಿತು. ಆಮೇಲೆ ಅದೇ ನೀರನ್ನು ಒಂದು ಪಾಲು ತೆಗೆದು, ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಇನ್ನೊಂದು ಮಾತ್ರೆ ಹಾಕಿದರು. ಈ ಸಲ ಬಣ್ಣ ನಿಂತಿತು, ದಾಸವಾಳ ಹಿಂಡಿದ ಹಾಗೆ. ಬಣ್ಣದ ತಟ್ಟೆಗೆ ಹೋಲಿಸಿದರೆ 1.5. ಅಂದರೆ ಅಸಲು ನೀರಿನಲ್ಲಿ 15.

ಡಿಪಿಡಿಯ ಗುಣವೇ ಅದು. ಕ್ಲೋರಿನ್ ಅಳತೆಯಲ್ಲಿದ್ದರೆ ಗುಲಾಬಿ, ಅಳತೆ ಮೀರಿದರೆ ಆ ಗುಲಾಬಿಯನ್ನು ಕ್ಲೋರಿನ್ನೇ ಬಿಳುಚಿಸಿಬಿಡುತ್ತದೆ. ಜಾಲರಿ ಕಟ್ಟಿಕೊಂಡಿದ್ದಾಗ ಪಂಪು ಸುಮ್ಮನೆ ಏರುತ್ತ ಹೋಗಿತ್ತು. ಕೆಸರು ಹೆಚ್ಚೆಂದು ನದಿಯಿಂದ ಎತ್ತುವ ನೀರನ್ನು ಅವತ್ತು ಅರ್ಧಕ್ಕೆ ಇಳಿಸಿದ್ದದ್ದೂ ಸೇರಿ ಡೋಸ್ ಹಲವು ಪಟ್ಟಾಯಿತು. ಜಾಲರಿ ತೊಳೆದಾಗ ಮೀಟರಿಗೆ ಸಿಕ್ಕಿದ್ದು ಆ ನೀರು. ಸೊನ್ನೆ ಕಂಡು ಪಂಪು ಇಳಿಯಲೇ ಇಲ್ಲ.

ಅದೃಷ್ಟಕ್ಕೆ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವುದು ಬೆಳಗಿನ ಜಾವ. ಸಂಪಿನ ವಾಲ್ವ್ ಕಟ್ಟಿ, ಕ್ಲೋರಿನ್ ಇಳಿಸಲು ಸೋಡಿಯಂ ಥಯೋಸಲ್ಫೇಟ್ ಸ್ವಲ್ಪ ಸ್ವಲ್ಪವೇ ಕರಗಿಸಿ ಹಾಕುತ್ತ, ಪ್ರತಿ ಸಲ ಕೊಳವೆಯಲ್ಲಿ ನೋಡುತ್ತ ಬೆಳಗು ಹರಿಯಿತು. ಏಳು ಗಂಟೆಗೆ ಫೋನು ಶುರು. ನೀರು ಯಾಕೆ ಬಿಟ್ಟಿಲ್ಲ ಅಂತ ಹೋಟೆಲಿನವರೊಬ್ಬರು ರೇಗಿದರು. ‘ಇಡ್ಲಿ ಬೆಳ್ಳಗಾಗಲಿ ಅಂತ ಕಾಯ್ತಿದ್ದೀವಿ ಸ್ವಾಮಿ’ ಎಂದು ಫೋನಿಟ್ಟರು ನಮ್ಮ ಹಿರಿಯರು. ಆ ವಾರವೇ ಸ್ಯಾಂಪಲ್ ಲೈನಿಗೆ ಫ್ಲೋ ಸ್ವಿಚ್ ಬಂತು. ಪಂಪಿನ ಸ್ಟ್ರೋಕಿಗೂ ಒಂದು ಮೇಲ್ಮಿತಿ ಬಿತ್ತು.