ದಂಟಿನ ಬಂಡಿ, ಕರಿ ಕುರಿ

ನಮ್ಮ ಹೊಳಲಿನಲ್ಲಿ ಚಳಿಗಾಲವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಸುಕಿನಲ್ಲಿ ಒಂದು ಕಂಬಳಿ, ನೀರೊಲೆಯ ಮುಂದೆ ಸ್ವಲ್ಪ ಹೊತ್ತು ಕೈ ಕಾಯಿಸುವುದು, ಅಷ್ಟೆ. ಒಂಬತ್ತು ಗಂಟೆಗೆ ಬಿಸಿಲೇರಿತೆಂದರೆ ಸ್ವೆಟರು ಗೂಟಕ್ಕೆ ಹೋಗುತ್ತದೆ. ಚಳಿಗಾಲ ಬಂತೆಂದು ನಮಗೆ ತಿಳಿಯುವುದು ಮೈಗೆ ತಾಗುವ ಚಳಿಯಿಂದಲ್ಲ, ಕೈಗೆ ಬರುವ ಕೆಲಸದಿಂದ. ಕಾರ್ತಿಕಕ್ಕೆ ಬತ್ತಿ ಹೊಸೆಯಬೇಕು, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ತರಬೇಕು, ಹೊಲದಿಂದ ಬಂದ ಸೊಪ್ಪೆ ಬಣವೆ ಏರಬೇಕು. ಹಡಗಲಿ ಮಲ್ಲಿಗೆ ಕಡಿಮೆಯಾಗಿ ಸೇವಂತಿಗೆ, ಚೆಂಡುಹೂ ಬುಟ್ಟಿ ತುಂಬುತ್ತವೆ. ಹಸಿಕಡಲೆ ಗಿಡದ ಹೊರೆ ಬಾಗಿಲಿಗೆ ಬಂತೆಂದರೆ ಸಂಕ್ರಾಂತಿ ದೂರವಿಲ್ಲ.

ಹೀಗಿರುವಾಗ ಪಟ್ಟಣದಲ್ಲಿರುವ ನನ್ನ ತಮ್ಮನ ಮಗಳು ಒಂದು ರಾತ್ರಿ ಫೋನು ಮಾಡಿದಳು. "ಅತ್ತಿ, ಹಿಮದ ಮನುಷ್ಯನಿಗೆ ಮೂಗು ಯಾವುದರಿಂದ ಮಾಡಬೇಕು?" ಆಕೆಯ ಮಗನಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಅವನ ನರ್ಸರಿಯಲ್ಲಿ ಚಳಿಗಾಲದ ಕ್ರಾಫ್ಟ್ ಎಂದು ಹತ್ತಿಯ ಹಿಮಮಾನವನನ್ನು ಮಾಡಿ ತರಲು ಹೇಳಿದ್ದರಂತೆ. ಗಂಡ ಹೆಂಡತಿ ಹನ್ನೊಂದು ಗಂಟೆಯವರೆಗೆ ಕೂತು ಅಂಟಿಸಿದರು. ಹುಡುಗ ಎಂಟಕ್ಕೇ ಮಲಗಿದ್ದ. ಬೆಳಗ್ಗೆ ಎದ್ದು ಅದನ್ನು ನೋಡಿ, "ಇವ ಯಾರು?" ಎಂದು ಕೇಳಿದನಂತೆ. ಹಿಮದ ಮೇಲೆ ನನಗೇನೂ ಸಿಟ್ಟಿಲ್ಲ. ಹಿಮ ಬೀಳುವ ಊರಿನ ಕೂಸಿಗೆ ಅದೇ ಚಂದ. ಆದರೆ ಕೂಸಿನ ಕೈ ತಾಗದ ಕೆಲಸವನ್ನು ಕೂಸಿನ ಕೈಕೆಲಸ ಎನ್ನುವುದು ಹೇಗೆ?

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಶಾಲೆಯ ಕಾಂಪೌಂಡಿನೊಳಗೇ ಅಂಗನವಾಡಿ ಇದೆ. ಪಾಠವಿಲ್ಲದ ಅವಧಿಯಲ್ಲಿ ನನ್ನ ಕಾಲು ಆ ಕಡೆಗೇ ಎಳೆಯುತ್ತದೆ. ದೀಪಾವಳಿ ಕಳೆದ ಮೇಲೆ ಅಲ್ಲಿ ಅಳುವಿನ ದನಿ ಹೆಚ್ಚಾಗುವುದನ್ನು ವರ್ಷವರ್ಷವೂ ಕೇಳಿದ್ದೇನೆ. ಅದಕ್ಕೆ ಕಾರಣವಿದೆ. ನಮ್ಮ ಸೀಮೆಯ ತಾಂಡಾಗಳಿಂದ, ಕೇರಿಗಳಿಂದ ಜನ ಗುಳೆ ಹೋಗುವುದು ಆಗಲೇ. ಕಬ್ಬು ಕಡಿಯಲು ಕೆಲವರು, ಕಾಫಿ ತೋಟಕ್ಕೆ ಕೆಲವರು. ಒಂದಿಷ್ಟು ಕೂಸುಗಳು ಅಪ್ಪ ಅವ್ವನ ಜೊತೆ ಟ್ರ್ಯಾಕ್ಟರು ಏರುತ್ತವೆ. ಉಳಿದವು ಅಜ್ಜಿಯ ಹತ್ತಿರ. ಗುಳೆ ಹೋಗದ ಮನೆಗಳಲ್ಲೂ ಅದು ಸುಗ್ಗಿಯ ಹೊತ್ತು, ತಾಯಿ ನಸುಕಿಗೇ ಹೊಲಕ್ಕೆ. ಅಂಗನವಾಡಿಯ ಪಾಠ ಮೂರರಿಂದ ಆರು ವರ್ಷದವರಿಗೆಂದು ನಿಯಮವಿದ್ದರೂ, ಅಕ್ಕನ ಲಂಗ ಹಿಡಿದುಕೊಂಡು ಬರುವ ಎರಡು ವರ್ಷದ ಕೂಸನ್ನು ಹಿಂದಕ್ಕೆ ಕಳಿಸುವವರು ಯಾರು?

ಒಂದು ಚಳಿಗಾಲ ಹಾಗೆ ಬಂದವನೊಬ್ಬನಿಗೆ ಎರಡೂವರೆ ವರ್ಷ. ಉಪ್ಪಿಟ್ಟು ಕೊಟ್ಟರೆ ಒಲ್ಲ, ಗೊಂಬೆ ಕೊಟ್ಟರೆ ಒಲ್ಲ. ಗೇಟು ಕಾಣುವ ಹಾಗೆ ಹೊಸ್ತಿಲಲ್ಲಿ ಕೂಡುತ್ತಿದ್ದ. ಅಳುತ್ತಲೂ ಇರಲಿಲ್ಲ, ಅದೇ ನಮಗೆ ಹೆಚ್ಚು ಹೆದರಿಕೆಯಾಗಿತ್ತು. ಮೂರನೆಯ ದಿನ ಅವನ ಅಜ್ಜಿ ಕಂಕುಳಲ್ಲಿ ನಾಲ್ಕು ಜೋಳದ ದಂಟು ಇಟ್ಟುಕೊಂಡು ಬಂದಳು. ಪಕ್ಕದಲ್ಲಿ ಕೂತು, ಕುಡಗೋಲಿನಿಂದ ದಂಟಿನ ಸಿಪ್ಪೆ ಸಿಗಿದು ಒಳಗಿನ ಬಿಳಿಯ ಬೆಂಡು ತೆಗೆದಳು. ಬೆಂಡಿನ ತುಂಡು ಎತ್ತಿನ ಮೈ, ಸಿಪ್ಪೆಯ ಸೀಳು ನಾಲ್ಕು ಕಾಲು, ಎರಡು ಕೋಡು. ದಪ್ಪ ದಂಟಿನ ಬಿಲ್ಲೆ ಗಾಲಿ. ನೊಗ, ಮೂಕಿ ಎಲ್ಲವೂ ಅದರಲ್ಲೇ. ಅಂಟು ಬೇಡ, ದಾರ ಬೇಡ. ಕಡ್ಡಿಯನ್ನು ಬೆಂಡಿಗೆ ಚುಚ್ಚಿದರೆ ಅದೇ ಹಿಡಿದುಕೊಳ್ಳುತ್ತದೆ.

ಹುಡುಗ ಒಂದು ಕಡ್ಡಿ ತೆಗೆದುಕೊಂಡು ಬೆಂಡಿಗೆ ಚುಚ್ಚಿದ. ಕಿತ್ತ. ಮತ್ತೆ ಚುಚ್ಚಿದ. ನಾಲ್ಕು ದಿನ ಅದೊಂದೇ ಕೆಲಸ. ಬಂಡಿ ಮಾಡಲಿಲ್ಲ, ಎತ್ತು ಮಾಡಲಿಲ್ಲ. ಆದರೆ ಎರಡನೆಯ ದಿನ ಚುಚ್ಚುತ್ತಲೇ ಉಪ್ಪಿಟ್ಟಿಗೆ ಬಾಯಿ ತೆರೆದ. ಐದನೆಯ ದಿನ ಅಜ್ಜಿ ಮಾಡಿದ ಬಂಡಿಯನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿ, "ಅವ್ವ ಬರ್ತಾಳ" ಎಂದ. ಅಂಗನವಾಡಿಯಲ್ಲಿ ಅವನು ಆಡಿದ ಮೊದಲ ಮಾತು ಅದು.

ಬಿ.ಎಡ್. ಓದುವಾಗ ಪುಸ್ತಕದಲ್ಲಿದ್ದದ್ದು ಅಂದು ನನಗೆ ಕಣ್ಣಿಗೆ ಕಂಡಿತು. ಎರಡು ವರ್ಷದ ಕೂಸಿಗೆ ವಸ್ತು ಬೇಡ, ಕ್ರಿಯೆ ಬೇಕು. ಚುಚ್ಚುವುದು, ಹರಿಯುವುದು, ಒತ್ತುವುದು, ತುಂಬುವುದು, ಸುರಿಯುವುದು. ಮುಗಿದ ಬಂಡಿ ನಮ್ಮ ಖುಷಿಗೆ. ಅದು ಮಾಡುವಾಗ ಪಕ್ಕದಲ್ಲಿ ಒಬ್ಬರು ಅವಸರವಿಲ್ಲದೆ ಕೂತಿರಬೇಕು.

ಆಮೇಲೆ ಕಾರ್ಯಕರ್ತೆಯೂ ನಾನೂ ಸೇರಿ ಚಳಿಗಾಲಕ್ಕೆಂದು ಕೆಲವು ಕೆಲಸ ಗೊತ್ತುಮಾಡಿಕೊಂಡೆವು. ದಂಟಿನ ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಆದ್ದರಿಂದ ಸಿಗಿಯುವುದು ದೊಡ್ಡವರ ಪಾಲು. ಕಡ್ಡಿಯ ಅಂಚು ಸವರಿ, ತುದಿ ಮೊಂಡು ಮಾಡಿಯೇ ಮಕ್ಕಳ ಕೈಗೆ. ಚೆಂಡುಹೂವಿನ ಎಸಳು ಬಿಡಿಸಿ, ನೆಲದ ಮೇಲೆ ಬರೆದ ದೊಡ್ಡ ಸುತ್ತಿನೊಳಗೆ ತುಂಬುವುದು ಇನ್ನೊಂದು. ಎಸಳು ಸುತ್ತಿನ ಹೊರಗೆ ಬಿದ್ದರೆ ಬೀಳಲಿ.

ಹತ್ತಿಯನ್ನು ನಾವೂ ತಂದೆವು, ಹಿಮಕ್ಕಲ್ಲ, ಕುರಿಗೆ. ರಟ್ಟಿನ ಮೇಲೆ ಕುರಿಯ ಆಕಾರ ಬರೆದು, ಮೈದಾ ಕುದಿಸಿದ ಅಂಟು ಸವರಿಕೊಟ್ಟೆವು. ಆ ಅಂಟು ಬಾಯಿಗೆ ಹೋದರೂ ಚಿಂತೆಯಿಲ್ಲ. ಮಕ್ಕಳು ಹತ್ತಿ ಹಿಂಜಿ ಹಿಂಜಿ ಅಂಟಿಸಿದವು. ಕುರಿಗಾರರ ಮನೆಯ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದು ಕುರಿ ಅಲ್ಲ. ಕುರಿ ಕರ್ರಗ ಇರ್ತಾವ" ಎಂದಳು. ಅವಳ ಮನೆಯ ಕಂಬಳಿಯೂ ಕರಿಯದೇ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವ ತನಕ ನಾವಿದ್ದ ಬಳ್ಳಾರಿಯ ಹೆಸರಿನದೇ ಒಂದು ಕುರಿ ತಳಿಯಿದೆ. ಅದರಲ್ಲಿ ಬಿಳಿಯದೂ ಉಂಟು, ಕರಿಯದೂ ಉಂಟು, ಎರಡೂ ಬೆರೆತದ್ದೂ ಉಂಟು ಎಂದು ನಾನು ವಾದಿಸಬಹುದಿತ್ತು. ಸಹಾಯಕಿ ಮಾತಾಡದೆ ಒಂದಿಷ್ಟು ಇದ್ದಿಲ ಪುಡಿ ತಂದುಕೊಟ್ಟಳು. ಆ ಸಂಜೆ ಮಕ್ಕಳೆಲ್ಲ ಕುರಿಗಿಂತ ಕರ್ರಗೆ ಮನೆಗೆ ಹೋದವು.

ಒಂದು ಎಚ್ಚರ ಹೇಳಲೇಬೇಕು. ಈ ವಯಸ್ಸಿನವರ ಕೈಗೆ ಬಿಡಿ ಕಾಳು, ಹುಣಸೆ ಬೀಜ, ಮಣಿ ಕೊಡಬೇಡಿ. ಅವು ಮೂಗಿಗೆ ಹೋಗುತ್ತವೆ, ಗಂಟಲಿಗೆ ಇಳಿಯುತ್ತವೆ. ಹಸಿಕಡಲೆ ಗಿಡದಿಂದ ಕಾಯಿ ಹರಿದು ಬುಟ್ಟಿಗೆ ಹಾಕುವುದಷ್ಟೆ ಅವರ ಕೆಲಸ, ಅದೂ ನಮ್ಮ ಕಣ್ಣೆದುರಿಗೆ. ಸುಲಿಯುವುದು ನಮ್ಮದು.

ಇದೆಲ್ಲ ಹಳ್ಳಿಯವರ ಬಡತನದ ಆಟ ಎಂದು ಯಾರಾದರೂ ಮೂಗೆಳೆದರೆ ಅವರಿಗೆ ತಾರಾಬಾಯಿ ಮೋಡಕರ ಹೆಸರು ಹೇಳಬೇಕು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಮಾಂಟೆಸ್ಸೊರಿ ಪದ್ಧತಿಯ ದುಬಾರಿ ಸಾಮಾನು ಅಲ್ಲಿನ ಮಕ್ಕಳಿಗೆ ಎಲ್ಲಿಂದ ಬರಬೇಕು? ಅವರು ಕಲ್ಲು, ಕಪ್ಪೆಚಿಪ್ಪು, ಎಲೆ, ಹೂಗಳಿಂದಲೇ ಬಾಲವಾಡಿ ನಡೆಸಿದರು. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಇತ್ತೀಚೆಗೆ, 2023ರ ನಂತರ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳು ಆರಂಭವಾದವು. ಮನೆ, ತೊಟ್ಟಿಲು, ಆಹಾರ ಎಲ್ಲಕ್ಕೂ ಲೆಕ್ಕವಿರುತ್ತದೆ. ಒಬ್ಬರು ಕೂಸಿನ ಪಕ್ಕ ಅರ್ಧ ಗಂಟೆ ಕೂತದ್ದನ್ನು ಬರೆಯಲು ಮಾತ್ರ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ.

ಈಗ ದಂಟಿಗೂ ಬರ ಬಂದಿದೆ. ಜೋಳದ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿವೆ. ಮೆಕ್ಕೆಜೋಳದ ದಂಟಿನಲ್ಲೂ ಬೆಂಡಿದೆ, ಬಂಡಿಗೆ ಆಗುತ್ತದೆ. ಆದರೆ ಸಿಗಿಯಲು ಬರುವ ಕೈಗಳು ಕಡಿಮೆಯಾಗುತ್ತಿವೆ. ಅದಕ್ಕೇ ಆ ಅಜ್ಜಿಯನ್ನು ಪ್ರತಿ ಶನಿವಾರ ಕರೆದೆವು. "ನನಗೇನು ಬರತೈತ್ರಿ ಅಕ್ಕೋರ, ಸಾಲಿ ಮುಖ ನೋಡಿದಾಕಿ ಅಲ್ಲ" ಎಂದು ಮೊದಲು ನಾಚಿದಳು. ಈಗ ಮಕ್ಕಳಿಗೆಲ್ಲ ಆಕೆ ಬಂಡಿ ಅಜ್ಜಿ. ಇಬ್ಬರು ಯುವ ತಾಯಂದಿರು ಆಕೆಯಿಂದ ಕಲಿತಿದ್ದಾರೆ.

ಹುಡುಗನ ತಾಯಿ ಯುಗಾದಿಗೆ ಬಂದಳು. ಅವನು ಓಡಿಹೋಗಿ ಅಪ್ಪಿಕೊಳ್ಳಲಿಲ್ಲ. ಅಜ್ಜಿಯ ಸೆರಗಿನ ಹಿಂದೆ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ ಒಣಗಿದ ಬೆಂಡು, ಒಂದು ಕಡ್ಡಿ ತಂದು ಅವಳ ಮುಂದೆ ಹಿಡಿದ. ಕಬ್ಬಿನ ಗರಿ ಕೊಯ್ದ ಕೈಯಿಂದ ಆಕೆ ಅದನ್ನು ಚುಚ್ಚಿದಳು. ಅವನು ಕಿತ್ತ. ಹಾಗೆಯೇ ಇಬ್ಬರೂ ನೆಲಕ್ಕೆ ಕೂತರಂತೆ. ಅಜ್ಜಿ ಇದನ್ನು ನನಗೆ ಹೇಳುವಾಗ ಕಣ್ಣೊರೆಸಿಕೊಂಡಳು, ನಾನೂ.

ಪಟ್ಟಣದಲ್ಲಿರುವ ನನ್ನ ತಂಗಿಯರೇ, ನಿಮ್ಮಲ್ಲಿ ದಂಟು ಸಿಗದಿರಬಹುದು. ಅವರೆಕಾಯಿ ಬಿಡಿಸುವಾಗ ಖಾಲಿ ಸಿಪ್ಪೆಯನ್ನು ಡಬ್ಬಿಗೆ ತುಂಬುವ ಕೆಲಸ ಕೂಸಿಗೆ ಕೊಡಿ. ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ. ಟಿ.ವಿ. ಆರಿಸಿ, ಫೋನು ದೂರವಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಅಡುಗೆ ಕಾಲು ಗಂಟೆ ತಡವಾಗುತ್ತದೆ, ನೆಲ ಹೊಲಸಾಗುತ್ತದೆ. ಗುಡಿಸಿದರಾಯಿತು.