ನಿಂತರೆ ಸೆಕೆ, ಓಡಿದರೆ ತಂಪು

ಬೆಂಗಳೂರಿನ ಪುರಭವನದ ಬಳಿಯಿಂದ ಮಿನರ್ವ ವೃತ್ತದವರೆಗೆ ಸಾಗುವ ಜೆ.ಸಿ. ರಸ್ತೆಯ ಪೂರ್ಣ ಹೆಸರು ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಕೊನೆಯ ಮಹಾರಾಜರ ಹೆಸರು ಹೊತ್ತ ಈ ಹಾದಿಯ ಒಂದು ತುದಿಯಲ್ಲಿ ನಾಟಕ, ಸಂಗೀತಗಳ ರವೀಂದ್ರ ಕಲಾಕ್ಷೇತ್ರವಿದೆ. ಅಲ್ಲಿಂದ ಮುಂದೆ ನಡೆದರೆ ಕಾರುಗಳದ್ದೇ ಲೋಕ. ಸೀಟು ಕವರು, ಹಾರನ್ನು, ಕನ್ನಡಿ, ರೇಡಿಯೇಟರು, ಬೆಲ್ಟು... ಇಲ್ಲಿ ಸಿಗದ ಬಿಡಿಭಾಗ ಪಕ್ಕದ ಕಲಾಸಿಪಾಳ್ಯದ ಗಲ್ಲಿಯಲ್ಲಾದರೂ ಸಿಕ್ಕೀತೆಂಬ ನಂಬಿಕೆಯಿಂದ ಜನ ಬರುತ್ತಾರೆ.

ಹಾಗೆ ಬಂದವರ ಕಾರಿಗೆ ಈ ರಸ್ತೆ ಪುಕ್ಕಟೆಯಾಗಿ ಒಂದು ಪರೀಕ್ಷೆಯನ್ನೂ ಮಾಡಿಬಿಡುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಮೈಸೂರು ಹೆದ್ದಾರಿಯಲ್ಲಿ ಹಿತವಾಗಿ ತಣ್ಣಗಿದ್ದ ಕಾರು ಇಲ್ಲಿನ ದಟ್ಟಣೆಯಲ್ಲಿ ಹತ್ತು ನಿಮಿಷ ನಿಂತಿತೆಂದರೆ ಎ.ಸಿ. ಗಾಳಿ ಬೆಚ್ಚಗಾಗತೊಡಗುತ್ತದೆ. ಹಿಂದಿನ ಸೀಟಿನ ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ, ಮಕ್ಕಳು ಗಾಜು ಇಳಿಸುತ್ತಾರೆ. ಸಿಗ್ನಲ್ ದಾಟಿ ವೇಗ ಸಿಕ್ಕಿತೋ, ಮತ್ತೆ ತಂಪು! 'ಗ್ಯಾಸ್ ಮುಗಿದಿರಬೇಕು, ತುಂಬಿಸಿಬಿಡೋಣ' ಎಂಬುದು ಸಾಮಾನ್ಯವಾಗಿ ಅಪ್ಪನ ತೀರ್ಪು. ದುಡ್ಡು ದಂಡವಾಗುವುದು ಹಲವು ವೇಳೆ ಅಲ್ಲಿಯೇ.

ಕಾರಣ ತಿಳಿಯಲು ಶಾಲೆಯ ವಿಜ್ಞಾನವೇ ಸಾಕು. ಬೆವರು ಆರುವಾಗ ಮೈ ತಣ್ಣಗಾಗುವುದಿಲ್ಲವೇ? ಎ.ಸಿ. ಕೆಲಸ ಮಾಡುವುದೂ ಹಾಗೆಯೇ. ಇಂದಿನ ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಅನಿಲ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಅನಿಲ ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್‌ನಲ್ಲಿ ಆ ಬಿಸಿಯನ್ನು ಹೊರಗೆ ಚೆಲ್ಲಿ ದ್ರವವಾಗುತ್ತದೆ. ಆ ದ್ರವ ಡ್ಯಾಶ್‌ಬೋರ್ಡಿನ ಹಿಂದೆ ಆವಿಯಾಗುತ್ತ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ.

ಕಾರು ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಅದೂ ಅಲ್ಲದೆ, ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ನಿಂತ ಕಾರಿನಲ್ಲಿ ನಿಧಾನವಾಗುತ್ತದೆ. ಹಾಗಾಗಿ ತಂಪು ಕೊಂಚ ಇಳಿಯುವುದು ಸಹಜ. ಪೂರ್ತಿ ಬಿಸಿಗಾಳಿ ಬಂದರೆ ಮಾತ್ರ ದೋಷ.

ನುರಿತ ಮೆಕ್ಯಾನಿಕ್ ಮೊದಲೇ ಗ್ಯಾಸ್ ಸಿಲಿಂಡರಿಗೆ ಕೈ ಹಾಕುವುದಿಲ್ಲ. ಎ.ಸಿ. ಹಾಕಿಸಿ, ಬಾನೆಟ್ ಎತ್ತಿ, ಕಂಡೆನ್ಸರಿನ ಫ್ಯಾನ್ ತಿರುಗುತ್ತಿದೆಯೇ ನೋಡುತ್ತಾನೆ. ತಿರುಗದಿದ್ದರೆ ಫ್ಯೂಸು, ರಿಲೇ, ಮೋಟಾರುಗಳ ತಪಾಸಣೆ. ತಿರುಗುತ್ತಿದ್ದರೆ ಕಂಡೆನ್ಸರಿನ ಸಂದುಗಳಲ್ಲಿ ಧೂಳು, ಹುಳು, ಕಸ ತುಂಬಿದೆಯೇ ಎಂದು ಪರೀಕ್ಷೆ. ಬಳಿಕ ಅದರ ಮೇಲೆ ಸ್ವಲ್ಪ ನೀರು ಚಿಮುಕಿಸುತ್ತಾನೆ. ಒಳಗಿನ ಗಾಳಿ ಕೂಡಲೇ ತಣ್ಣಗಾದರೆ ಕೊರತೆ ಗಾಳಿಯದು, ಗ್ಯಾಸಿನದಲ್ಲ. ಅದರಿಂದಲೂ ಪ್ರಯೋಜನವಾಗದಿದ್ದರೆ ಗೇಜು ಜೋಡಿಸುತ್ತಾನೆ. ಎರಡೂ ಕಡೆ ಒತ್ತಡ ಕಡಿಮೆಯಿದ್ದರೆ ಗ್ಯಾಸ್ ಇಳಿದಿರುವ ಸಂಭವ ಹೆಚ್ಚು. ಕಡಿಮೆ ಇರಬೇಕಾದ ಕಡೆ ಹೆಚ್ಚು, ಹೆಚ್ಚು ಇರಬೇಕಾದ ಕಡೆ ಕಡಿಮೆ ಎಂದಾದರೆ ಕಂಪ್ರೆಸರ್ ಸೋತಿರಬಹುದು.

'ಪೆಟ್ರೋಲ್ ಥರ ಗ್ಯಾಸ್ ಖರ್ಚಾಗಲ್ಲ ಸಾರ್. ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಾ ಇದೆ' ಎಂದು ಹೇಳುವ ಮೆಕ್ಯಾನಿಕ್ ಸಿಕ್ಕರೆ ಅದೃಷ್ಟ. ಸೋರಿಕೆ ಮುಚ್ಚದೆ ಪ್ರತಿ ಬೇಸಿಗೆಯಲ್ಲೂ ತುಂಬಿಸುತ್ತಿದ್ದರೆ ನಷ್ಟ ಜೇಬಿಗಷ್ಟೇ ಅಲ್ಲ. ಹಿಂದೆ ಬಳಕೆಯಲ್ಲಿದ್ದ ಆರ್-12 ಓಜೋನ್ ಪದರವನ್ನು ಕೊರೆಯುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದಿದ್ದರೂ, ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿಮಾಡಬಲ್ಲದು. ಇಂಥ ಅನಿಲಗಳನ್ನು ಹಂತಹಂತವಾಗಿ ಇಳಿಸಲು 2016ರಲ್ಲಿ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡವು.

ಕುತೂಹಲದ ಮಕ್ಕಳು ಬಾನೆಟ್ಟಿನೊಳಗೆ ಇಣುಕಿದರೆ ಬೈಯಬೇಕಿಲ್ಲ. ಆದರೆ ಜಡೆ, ದುಪಟ್ಟ, ಬೆರಳುಗಳು ಫ್ಯಾನು, ಬೆಲ್ಟುಗಳಿಂದ ದೂರವಿರಲಿ. ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಾನಾಗಿಯೇ ತಿರುಗತೊಡಗುವುದುಂಟು. ಮುಚ್ಚಿದ ಗ್ಯಾರೇಜಿನಲ್ಲಂತೂ ಎಂಜಿನ್ ಓಡಿಸಿಕೊಂಡು ಈ ಪರೀಕ್ಷೆ ಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವಾದೀತು.

ಜೆ.ಸಿ. ರಸ್ತೆಯಲ್ಲಿ ಅಂಗಡಿ ಹತ್ತುವ ಮೊದಲು ಮನೆಯವರೆಲ್ಲ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡರೆ ಒಳಿತು. ಸೆಕೆ ನಿಂತಾಗ ಮಾತ್ರವೋ, ಓಡುವಾಗಲೂ ಇದೆಯೋ? ಅದನ್ನು ಸರಿಯಾಗಿ ಹೇಳಬಲ್ಲವರಿಗೆ ಬೇಡದ ರಿಪೇರಿ ಒಪ್ಪಿಸುವುದು ಅಷ್ಟು ಸುಲಭವಲ್ಲ.