ಕಾಲು ಅಂದರೆ ಖಾಲಿ

ದೆಹಲಿಗೆ ಬಂದ ಹೊಸತರಲ್ಲಿ ಲೋಧಿ ಕಾಲೋನಿಯಲ್ಲಿ ನನ್ನ ಮನೆಯ ದಾರಿಯೇ ನನಗೆ ಮೂರು ಸಲ ತಪ್ಪಿತ್ತು. ಇಲ್ಲಿಗೆ ಬಂದವರಿಗೆ ಇದು ಗೊತ್ತಿರುತ್ತದೆ. ಒಂದೇ ಥರದ ಎರಡಂತಸ್ತಿನ ಬ್ಲಾಕುಗಳು, ಒಂದೇ ಥರದ ಎತ್ತರದ ಕಮಾನುಗಳು, ಕಮಾನು ದಾಟಿದರೆ ಒಂದೇ ಥರದ ಅಂಗಳ. 1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ತನ್ನ ನೌಕರರಿಗೆಂದು ಕಟ್ಟಿಸಿದ ಕ್ವಾರ್ಟರ್ಸ್ ಇವು. ಹೊಸದೆಹಲಿಯಲ್ಲಿ ಅವರು ಕಟ್ಟಿದ ಕೊನೆಯ ವಸತಿ ಬಡಾವಣೆ ಇದೇ ಎನ್ನುತ್ತಾರೆ. ಈಗ ಪರವಾಗಿಲ್ಲ. 2015-16ರ ಸುಮಾರಿಗೆ ಸ್ಟಾರ್ಟ್ ಇಂಡಿಯಾ ಫೌಂಡೇಶನ್ನಿನವರು ಖನ್ನಾ ಮಾರ್ಕೆಟ್ಟಿನಿಂದ ಮೆಹರ್‌ಚಂದ್ ಮಾರ್ಕೆಟ್ಟಿನವರೆಗಿನ ಗೋಡೆಗಳಿಗೆ ಚಿತ್ರ ಬರೆಸಲು ಶುರು ಮಾಡಿದರು. ಇವತ್ತು ಐವತ್ತಕ್ಕೂ ಹೆಚ್ಚು ಗೋಡೆಗಳು ಬಣ್ಣ ತೊಟ್ಟಿವೆ. ಮನೆಗೆ ಬರುವ ನೆಂಟರಿಗೆ ಬ್ಲಾಕ್ ನಂಬರಿನ ಬದಲು ಗೋಡೆಯ ಗುರುತು ಹೇಳಿದರೆ ಸಾಕು.

ಗೋಡೆಗಳಿಗೆ ಬಣ್ಣ ಬರುವ ಮೊದಲು ನನ್ನ ಗುರುತು ಬೇರೆಯೇ ಇತ್ತು. ಬೇವಿನ ಮರದ ಕೆಳಗೆ ಹಸಿರು ಟಾರ್ಪಾಲು ಹೊದ್ದು ಮಲಗಿದ ಒಂದು ಕುಳ್ಳ ಕಾರು. ಅದು ಕಂಡರೆ ಅಲ್ಲಿಂದ ಎರಡನೇ ಕಮಾನು ನಮ್ಮದು.

ಆ ಟಾರ್ಪಾಲಿನ ಕೆಳಗೆ ಇದ್ದದ್ದು ಎಂ.ಜಿ.ಬಿ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1970ರ ಗಾಡಿ, ಎರಡೇ ಸೀಟು, ಮೇಲೆ ಬಟ್ಟೆಯ ಹುಡ್, 1798 ಸಿಸಿ ಎಂಜಿನ್. ಇಂಥ ಗಾಡಿ ಸರ್ಕಾರಿ ಕ್ವಾರ್ಟರ್ಸಿಗೆ ಹೇಗೆ ಬಂತು ಎಂದು ಕೇಳಬಹುದು. ಆಗಿನ ಕಾಲದಲ್ಲಿ ವಿದೇಶಿ ರಾಯಭಾರ ಕಚೇರಿಯವರು ಊರು ಬಿಡುವಾಗ ತಮ್ಮ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಬಿಟ್ಟು ಹೋಗುತ್ತಿದ್ದರು. ದೊಡ್ಡ ಕಾರುಗಳಿಗೆ ಪೈಪೋಟಿ ಇರುತ್ತಿತ್ತು. ಇಬ್ಬರೇ ಕೂರುವ, ಪೆಟ್ರೋಲು ಕುಡಿಯುವ ಗಾಡಿ ಯಾರಿಗೂ ಬೇಡವಾಗಿತ್ತು. ನಮ್ಮ ಕಾಕಾಗೆ ಬೇಕಾಗಿತ್ತು. ಎಂಬತ್ತರ ದಶಕದಲ್ಲಿ, ಹೆಂಡತಿಯ ಎರಡು ಬಳೆ ಅಡವಿಟ್ಟು ತಂದರಂತೆ. "ಬಳಿ ಬಿಡಿಸಿಕೊಳ್ಳಾಕ ನಾಕು ವರ್ಷ ಹಿಡೀತು. ಆದ್ರೂ ಆಕಿನೇ ಮೊದಲು ಕೂತಾಕಿ" ಎಂದು ಪ್ರತಿ ಸಲ ಹೇಳುತ್ತಿದ್ದರು.

ಕಾಕಾ ಧಾರವಾಡದವರು. ಕೇಂದ್ರ ಸರ್ಕಾರದ ನೌಕರಿಗೆಂದು ಇಪ್ಪತ್ತನಾಲ್ಕನೇ ವಯಸ್ಸಿಗೆ ದೆಹಲಿಗೆ ಬಂದು, ಇದೇ ಕಾಲೋನಿಯಲ್ಲಿ ಸಂಸಾರ ಮಾಡಿ, ಮಗಳನ್ನು ಇಲ್ಲೇ ಲೋಧಿ ಎಸ್ಟೇಟಿನ ಕನ್ನಡ ಶಾಲೆಯಲ್ಲಿ ಓದಿಸಿದರು. ನಿವೃತ್ತಿಯಾದಾಗ ಕ್ವಾರ್ಟರ್ಸ್ ಬಿಟ್ಟುಕೊಟ್ಟರು. ಮುಂದೆ ಮಗಳೂ ಸರ್ಕಾರಿ ಅಧಿಕಾರಿಯಾಗಿ, ಅವರ ಹೆಸರಿಗೆ ಇದೇ ಕಾಲೋನಿಯಲ್ಲಿ ಮನೆ ಸಿಕ್ಕಿ, ಮರಳಿ ಬಂದರು. ಗಾಡಿಯೂ ಬಂತು. ನಾನು ಸಾಗರದ ಕಡೆಯವನು. ಡಿಪ್ಲೊಮಾದಲ್ಲಿ ಇನ್‌ಸ್ಟ್ರುಮೆಂಟೇಶನ್ ಓದಿ ಸಿಜಿಒ ಕಾಂಪ್ಲೆಕ್ಸಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ನನ್ನ ಓದು ಏನೆಂದು ಗೊತ್ತಾದ ದಿನದಿಂದ ಕಾಕಾಗೆ ನಾನು ಅವರ ಗಾಡಿಯ ಖಾಯಂ ಡಾಕ್ಟರು.

ಆ ಗಾಡಿಯ ಪೆಟ್ರೋಲ್ ಮೀಟರಿನ ಮುಳ್ಳು ಸುಳ್ಳು ಹೇಳುತ್ತದೆ ಎಂಬುದು ನಮಗೆಲ್ಲ ಗೊತ್ತಿದ್ದ ವಿಷಯ. ಟ್ಯಾಂಕು ತುಂಬಿಸಿದರೆ ಸರಿಯಾಗಿ ಫುಲ್ ತೋರಿಸುತ್ತಿತ್ತು. ಇಳಿಯುತ್ತ ಇಳಿಯುತ್ತ ಸುಳ್ಳು ಬೆಳೆಯುತ್ತಿತ್ತು. ಕೊನೆಗೆ ಕಾಲು ಟ್ಯಾಂಕು ಇದೆ ಎಂದು ತೋರಿಸುವಾಗಲೇ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಕಾಕಾ ನನಗೆ ಮೊದಲ ಸಲ ಸ್ಟಿಯರಿಂಗ್ ಕೊಟ್ಟ ದಿನ ಹೇಳಿದ್ದು ಇದನ್ನೇ: "ನೋಡ್ ತಮ್ಮಾ, ಕಾಲು ಅಂದ್ರ ಖಾಲಿ. ಇಷ್ಟು ನೆನಪಿಟ್ಟಿ ಅಂದ್ರ ಈ ಗಾಡಿ ನಿನಗ ಎಂದೂ ಕೈ ಕೊಡಂಗಿಲ್ಲ." ಇಪ್ಪತ್ತೈದು ವರ್ಷ ಅವರು ಹಾಗೆಯೇ ಓಡಿಸಿದ್ದರು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಪುಟ್ಟ ನೋಟ್‌ಬುಕ್. ತಾರೀಕು, ಹಾಕಿಸಿದ ಲೀಟರು, ಓಡಿದ ಕಿಲೋಮೀಟರು. ಮುಳ್ಳನ್ನು ರಿಪೇರಿ ಮಾಡೋಣ ಎಂದರೆ, "ಯಾಕ? ಅದು ಎಷ್ಟು ಸುಳ್ಳು ಹೇಳ್ತದ ಅನ್ನೂದು ನನಗ ಗೊತ್ತದ ಅಲ್ಲ?" ಎನ್ನುತ್ತಿದ್ದರು.

ಹೋದ ಚಳಿಗಾಲದ ಒಂದು ಗುರುವಾರ ಸಂಜೆ ಅಕ್ಕನಿಂದ, ಅಂದರೆ ಅವರ ಮಗಳಿಂದ, ಫೋನ್ ಬಂತು. ಲೋಧಿ ರಸ್ತೆಯಲ್ಲಿ ಸಾಯಿಬಾಬಾ ಮಂದಿರದ ಎದುರು ಗಾಡಿ ನಿಂತಿದೆ, ಹೋಗಿ ನೋಡು ಎಂದು. ಗುರುವಾರ ಅಲ್ಲಿ ಹೇಗಿರುತ್ತದೆ ಎಂದು ಕಂಡವರಿಗೆ ಹೇಳಬೇಕಿಲ್ಲ. ಹೂವಿನವರು, ಪ್ರಸಾದದವರು, ಆಟೋಗಳು. ಆ ಗದ್ದಲದ ನಡುವೆ ಕಾಕಾ ಟ್ರಾಫಿಕ್ ಪೊಲೀಸನಿಗೆ ಮುಳ್ಳನ್ನು ತೋರಿಸಿ ಹಿಂದಿಯಲ್ಲಿ ವಾದ ಮಾಡುತ್ತಿದ್ದರು: ಪೆಟ್ರೋಲು ಇದೆ, ಕಾಲು ಟ್ಯಾಂಕು ಇದೆ, ನೀವೇ ನೋಡಿ.

ನಾನು ಮೆಲ್ಲಗೆ, "ಕಾಕಾ, ಕಾಲು ಅಂದ್ರೆ ಖಾಲಿ ಅಲ್ವಾ?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆ ಮಾತನ್ನು ಜೀವನದಲ್ಲಿ ಮೊದಲ ಸಲ ಕೇಳುತ್ತಿರುವವರ ಹಾಗೆ.

ಆ ರಾತ್ರಿ ಅಕ್ಕ ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು. ಅಪ್ಪ ಎರಡು ಸಲ ಗ್ಯಾಸ್ ಆರಿಸುವುದನ್ನು ಮರೆತಿದ್ದಾರೆ. ಹೋದ ವಾರ ಸೊಸೈಟಿಯ ಹುಡುಗನನ್ನು ಸತ್ತುಹೋದ ತಮ್ಮನ ಹೆಸರಿನಿಂದ ಕರೆದರು. ಇನ್ನು ಕೀ ಕಿತ್ತಿಟ್ಟುಕೊಳ್ಳುವುದೇ ಸರಿ ಅನಿಸುತ್ತದೆ. ಒಳಗಿನಿಂದ ಕಾಕಾ ಕೂಗಿದರು, "ಮುಳ್ಳಿಂದು ತಪ್ಪು. ನಂದಲ್ಲ." ಅಕ್ಕ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಮೊದಲು ಆ ಮುಳ್ಳು ಸರಿ ಮಾಡಿಕೊಡು. ಆಮೇಲೆ ನೋಡೋಣ" ಎಂದರು.

ಹಳೆಯ ಗಾಡಿಯ ಪೆಟ್ರೋಲ್ ಮೀಟರು ಸರಳ ಯಂತ್ರ. ಟ್ಯಾಂಕಿನೊಳಗೆ ಒಂದು ಸರಳಿನ ತುದಿಯಲ್ಲಿ ಫ್ಲೋಟ್ ಇರುತ್ತದೆ, ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಇರುವ ಹಾಗೆ. ಅದು ಏರಿಳಿದಂತೆ ಒಂದು ತಂತಿ ಸುರುಳಿಯ ರೆಸಿಸ್ಟೆನ್ಸ್ ಬದಲಾಗುತ್ತದೆ. ಈ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಖಾಲಿಯಿದ್ದಾಗ ಸುಮಾರು 240 ಓಮ್, ತುಂಬಿದಾಗ 30ರ ಆಸುಪಾಸು. ಮುಳ್ಳಿನ ಹಿಂದೆ ಒಂದು ಜೋಡಿ ಲೋಹದ ಪಟ್ಟಿ. ಕರೆಂಟು ಹರಿದರೆ ಅದು ಕಾದು ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಕೀ ತಿರುಗಿಸಿದಾಗ ಹಳೆಯ ಗಾಡಿಗಳ ಮುಳ್ಳು ಸೋಮಾರಿಯಂತೆ ಮೆಲ್ಲಗೆ ಏಳುವುದು ಇದಕ್ಕೇ.

ಆದರೆ ಬ್ಯಾಟರಿಯ ವೋಲ್ಟೇಜು ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಅದಕ್ಕೆಂದು ನಡುವೆ ಸ್ಟೆಬಿಲೈಸರ್ ಎಂಬ ಬೆಂಕಿಪೊಟ್ಟಣದಂಥ ಡಬ್ಬಿ ಇಟ್ಟಿರುತ್ತಾರೆ. ಅದರೊಳಗೂ ಅಂಥದೇ ಒಂದು ಪಟ್ಟಿ. ಕಾದರೆ ಕರೆಂಟು ಕಡಿಯುತ್ತದೆ, ಆರಿದರೆ ಮತ್ತೆ ಕೊಡುತ್ತದೆ. ಕೊಟ್ಟು ಕಡಿದು ಕೊಟ್ಟು ಕಡಿದು ಸರಾಸರಿ 10 ವೋಲ್ಟಿನಲ್ಲಿ ನಿಲ್ಲಿಸುತ್ತದೆ. ಡಿಜಿಟಲ್ ಮಲ್ಟಿಮೀಟರು ಹಿಡಿದರೆ ಅಂಕಿಗಳು ಸುಮ್ಮನೆ ಕುಣಿಯುತ್ತವೆ. ಸಣ್ಣ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದರೆ ಮಿಣುಕಬೇಕು.

ನಾನು ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನು ಮಾಡಿ ಮಲಗಿ ಬಲ್ಬು ಹಿಡಿದೆ. ಮಿಣುಕಲಿಲ್ಲ. ಒಂದೇ ಸಮ ಉರಿಯಿತು. ಅಂದರೆ ಡಬ್ಬಿ ಕರೆಂಟನ್ನು ಕಡಿಯುತ್ತಲೇ ಇಲ್ಲ. ಬ್ಯಾಟರಿಯ ಹನ್ನೆರಡು ವೋಲ್ಟೂ ಮುಳ್ಳಿಗೆ ಹೋಗುತ್ತಿದೆ, ಮುಳ್ಳು ಇರುವುದಕ್ಕಿಂತ ಹೆಚ್ಚು ಏಳುತ್ತಿದೆ. ಕಾರಣ ಹುಡುಕಿದರೆ ಒಂದು ಸ್ಕ್ರೂ. ಡಬ್ಬಿಗೆ ಅರ್ಥ್ ಸಿಗುವುದು ಅದನ್ನು ಗಾಡಿಯ ತಗಡಿಗೆ ಕೂರಿಸುವ ಸ್ಕ್ರೂವಿನಿಂದ. ಯಾವ ಕಾಲದಲ್ಲೋ ಬಣ್ಣ ಹೊಡೆದವರು ಆ ಜಾಗಕ್ಕೂ ಬಳಿದಿದ್ದರು, ಅದರ ಮೇಲೆ ತುಕ್ಕು. ಅರ್ಥ್ ಇಲ್ಲದೆ ಒಳಗಿನ ಪಟ್ಟಿ ಕಾಯುವುದೇ ಇಲ್ಲ. ಎಮರಿ ಪೇಪರಿನಿಂದ ಉಜ್ಜಿ ತಗಡು ಹೊಳೆಯುವಂತೆ ಮಾಡಿದೆ. ಆದರೂ ಸರಿಯಾಗಲಿಲ್ಲ. ಒಳಗಿನ ಕಾಂಟ್ಯಾಕ್ಟು ಸುಟ್ಟು ಅಂಟಿಕೊಂಡಿತ್ತು.

ಮರುದಿನ ಕೆಂಪುಕೋಟೆಯ ಎದುರಿನ ಲಾಜ್‌ಪತ್ ರಾಯ್ ಮಾರ್ಕೆಟ್ಟಿಗೆ ಹೋದೆ. ಕಾಕಾನೂ ಬಂದರು. ಅಲ್ಲಿಯ ಸಂದಿಗಳಲ್ಲಿ ಸಿಗದ ಎಲೆಕ್ಟ್ರಾನಿಕ್ ಬಿಡಿಭಾಗವಿಲ್ಲ. 7810 ಎಂಬ ಮೂರು ಕಾಲಿನ ಐ.ಸಿ. ಕೇಳಿ ತಂದೆ. ನಿಖರವಾಗಿ 10 ವೋಲ್ಟ್ ಕೊಡುವಂಥದ್ದು, ಒಂದು ಪ್ಲೇಟ್ ಚಾಟಿಗಿಂತ ಕಡಿಮೆ ಬೆಲೆ. ಹಳೆಯ ಡಬ್ಬಿಯ ಹೊಟ್ಟೆ ಖಾಲಿ ಮಾಡಿ ಒಳಗೆ ಅದನ್ನು ಬೆಸೆದು, ಮುಚ್ಚಳ ಹಾಕಿ, ಇದ್ದಲ್ಲೇ ಕೂರಿಸಿದೆ. ಹೊರಗಿನಿಂದ ನೋಡಿದರೆ 1970ರದ್ದೇ.

ಟ್ಯಾಂಕು ತುಂಬಿಸಿಕೊಂಡು ಬಂದೆವು. ಕೀ ತಿರುಗಿಸಿದೆ. ಮುಳ್ಳು ಎದ್ದು ಮುಕ್ಕಾಲಿಗೆ ನಿಂತಿತು. ಕಾಕಾ ನಕ್ಕರು. "ಮೊದಲು ಅರ್ಧಾ ಖರೇ ಹೇಳ್ತಿತ್ತು. ಈಗ ಅದೂ ಹೋತು!"

ಅದರ ಮೇಲೆ ಒಂದು ರಾತ್ರಿ ಯೋಚಿಸಿದ ಮೇಲೆ ತಿಳಿಯಿತು. ಗಾಡಿಯಲ್ಲಿ ಇದ್ದದ್ದು ಒಂದು ತಪ್ಪಲ್ಲ, ಎರಡು. ಬಹಳ ಹಿಂದೆ ಯಾವನೋ ಮೆಕ್ಯಾನಿಕ್, ತುಂಬಿದ ಟ್ಯಾಂಕಿಗೆ ಮುಳ್ಳು ಫುಲ್ ದಾಟಿ ಹೋಗುವುದನ್ನು ಕಂಡು, ಕಾರಣ ಹುಡುಕುವ ಬದಲು ಫ್ಲೋಟಿನ ಸರಳನ್ನು ಬಗ್ಗಿಸಿದ್ದಾನೆ. ಮೇಲಿನ ತುದಿಯಲ್ಲಿ ಒಂದು ತಪ್ಪು ಇನ್ನೊಂದನ್ನು ಮುಚ್ಚಿದೆ. ಕೆಳಗಿನ ತುದಿಯಲ್ಲಿ, ಸರಳು ತಳಕ್ಕೆ ತಾಗಿದ ಮೇಲೆ ಬಗ್ಗಿಸಿದ್ದರ ಉಪಯೋಗವಿಲ್ಲ. ಅಲ್ಲಿ ಸುಳ್ಳು ಹಾಗೆಯೇ ಉಳಿದಿದೆ. ಆ ಉಳಿದ ಸುಳ್ಳಿನ ಲೆಕ್ಕವನ್ನು ಕಾಕಾ ಇಷ್ಟು ವರ್ಷ ತಲೆಯಲ್ಲಿ ಹೊತ್ತು ತಿರುಗಿದ್ದಾರೆ. ಸುಳ್ಳಿನ ಅಳತೆ ಗೊತ್ತಿರುವವರು ಒಬ್ಬರು ಇರುವವರೆಗೆ ತಪ್ಪು ಮೀಟರಿನಿಂದ ಯಾರಿಗೂ ತೊಂದರೆ ಇಲ್ಲ. ನೆನಪಿಟ್ಟುಕೊಳ್ಳುವ ಕೆಲಸ ಮುಳ್ಳಿನದಾಗಿರಲಿಲ್ಲ, ಅವರದಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಕೆಲಸಕ್ಕೆ ಕೂತೆವು. ಬ್ಯಾಟರಿ ಬಿಚ್ಚಿಟ್ಟು, ಬೀಡಿ ಸೇದುವ ಮಾಲಿಯನ್ನು ದೂರ ಕಳಿಸಿ, ಪೆಟ್ರೋಲನ್ನು ಕಬ್ಬಿಣದ ಕ್ಯಾನುಗಳಿಗೆ ಇಳಿಸಿದೆವು. ಟ್ಯಾಂಕಿನ ಪಕ್ಕದಲ್ಲಿರುವ ಸೆಂಡರ್ ಯೂನಿಟ್ಟನ್ನು ಬಿಚ್ಚಿದರೆ ಸರಳಿನಲ್ಲಿ ಇಕ್ಕಳದ ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡುತ್ತ, ಮಲ್ಟಿಮೀಟರಿನಲ್ಲಿ ಓಮ್ ನೋಡುತ್ತ ಹೋದೆ. ಕೂರಿಸಿ, ಬಿಗಿ ಮಾಡಿ, ಸೋರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬ್ಯಾಟರಿ ಜೋಡಿಸಿದೆ. ಆಮೇಲೆ ಐದೈದು ಲೀಟರು. ಪ್ರತಿ ಸಲ ಸುರಿಯುವ ಮೊದಲು ಕೀ ಆಫ್, ಸುರಿದು ಮುಚ್ಚಿದ ಮೇಲೆ ಆನ್, ಎರಡು ನಿಮಿಷ ಕಾಯುವುದು, ಬರೆದುಕೊಳ್ಳುವುದು. ಈ ಗಾಡಿಯ ಟ್ಯಾಂಕು 12 ಇಂಪೀರಿಯಲ್ ಗ್ಯಾಲನ್, ಅಂದರೆ ಸುಮಾರು 54 ಲೀಟರು. ಕಾಕಾ ನೋಟ್‌ಬುಕ್ ಹಿಡಿದು ಬರೆಯುತ್ತಿದ್ದರು. ಅಕ್ಷರ ಮೊದಲಿನಷ್ಟೇ ದುಂಡಗೆ.

ನಡುವೆ ಬಿಡುವು ಮಾಡಿ ಚಹಾಕ್ಕೆಂದು ನಡೆದೆವು. ದಾರಿಯಲ್ಲಿ ಡಾಕು ಎಂಬ ಹೆಸರಿನಲ್ಲಿ ಕೆಲಸ ಮಾಡುವ ಕಲಾವಿದನ ಗೋಡೆಯ ಮಾತು ಬಂತು. ಆ ಗೋಡೆಯಲ್ಲಿ ಬಣ್ಣವಿಲ್ಲ. ಹೊರಚಾಚಿದ ಅಕ್ಷರಗಳಿವೆ, ಅಷ್ಟೇ. ಬಿಸಿಲು ಏರಿದಾಗ ಅವುಗಳ ನೆರಳು ಬಿದ್ದು ಪದಗಳಾಗುತ್ತವೆ, ಹೊತ್ತು ಜರುಗಿದಂತೆ ಓರೆಯಾಗಿ ಅಳಿಸಿಹೋಗುತ್ತವೆ. ಅದನ್ನು ನನಗೆ ಮೊದಲು ತೋರಿಸಿದವರು ಕಾಕಾನೇ. "ಅದನ್ನ ಓದಬೇಕಂದ್ರ ಹೊತ್ತು ನೋಡಿ ಹೋಗಬೇಕ ತಮ್ಮಾ" ಎಂದರು. ಸ್ವಲ್ಪ ದೂರ ನಡೆದು, "ನನಗೂ ಹಂಗ ಆಗೇದ. ಮುಂಜಾನೆ ಎಲ್ಲಾ ಕಾಣ್ತದ" ಎಂದರು. ನಾನು ಏನೂ ಹೇಳಲಿಲ್ಲ. ಅವರೂ ಅದರ ಮಾತು ಮುಂದುವರಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ 27 ಲೀಟರಿಗೆ ಮುಳ್ಳು ನಟ್ಟನಡುವೆ ನಿಂತಿತು. ತುಂಬಿದಾಗ ಫುಲ್. ಖಾಲಿಗೆ ಖಾಲಿ. ಅಕ್ಕ ಕೆಳಗೆ ಬಂದು ನೋಡಿ, ಅಪ್ಪನ ಕೈಗೆ ಕೀ ಕೊಟ್ಟರು. ಕಾಕಾ ಅದನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿ ನನ್ನ ಕೈಗಿಟ್ಟರು. ಸುತ್ತು ಬಳಸಿ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು. ಅದು ಕಾಕೂ ಕೂರುತ್ತಿದ್ದ ಸೀಟು. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ.

ಅಂದಿನಿಂದ ನಾನೇ ಓಡಿಸುತ್ತೇನೆ, ಅದೂ ಕಾನೂನು ಬಿಟ್ಟಷ್ಟು. ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲು ಗಾಡಿಗಳ ಪಾಡು ನಿಮಗೆ ಗೊತ್ತೇ ಇದೆ. ಆದರೆ ಐವತ್ತು ದಾಟಿದರೆ ಮರ್ಯಾದೆ ಬೇರೆ. 2021ರ ಕೇಂದ್ರದ ನಿಯಮದಂತೆ 20,000 ರೂಪಾಯಿ ಕಟ್ಟಿ ಕಾಕಾ ವಿಂಟೇಜ್ ನೋಂದಣಿ ಮಾಡಿಸಿದ್ದರು. ಹಾಗೆಂದು ದಿನವೂ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಮತ್ತೆ ಪೆಟ್ರೋಲು ತುಂಬಿಸಲು ಮಾತ್ರ ಹೊರಗೆ ತರಬಹುದು.

ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎಂಜಿನ್ನಿಗೆ ಬಿಸಿ ಹಿಡಿಸಲೆಂದು ಸ್ಟಾರ್ಟ್ ಮಾಡಿದೆವು. ಮುಳ್ಳು ಮೆಲ್ಲಗೆ ಎದ್ದು ಕಾಲಿಗೆ ಬಂದು ನಿಂತಿತು. ಕಾಕಾ ಥಟ್ಟನೆ ನನ್ನ ಭುಜ ಹಿಡಿದರು.

"ತಮ್ಮಾ, ಕಾಲು ಅಂದ್ರ ಖಾಲಿ! ಬಂಕಿಗೆ ನಡಿ."

ಮರೆತೇಹೋಗಿದ್ದ ಮಾತು ಮರಳಿ ಬಂದಿತ್ತು, ಬೇಡವಾದ ಹೊತ್ತಿನಲ್ಲಿ. ಹೋದೆವು. ಹುಡುಗ ತುಂಬಿಸಿದ, 40 ಲೀಟರಿಗೆ ಪೈಪು ಟಕ್ಕೆಂದು ನಿಂತಿತು. ಕಾಕಾ ಮೀಟರಿನ ಅಂಕಿ ನೋಡಿ ಬೆರಳಲ್ಲಿ ಲೆಕ್ಕ ಹಾಕಿದರು. ನೋಟ್‌ಬುಕ್ ತೆಗೆದು, ಭಾನುವಾರ ತಾವೇ ಬರೆದ ಪುಟ ಓದಿದರು. ಅದರ ಕೆಳಗೆ ತಾರೀಕು ಹಾಕಿ ಒಂದು ಸಾಲು ಬರೆದರು: ಕಾಲು ಅಂದ್ರ ಕಾಲು.

ಈಗಲೂ ಮುಳ್ಳು ಕಾಲಿಗೆ ಬಂದ ದಿನವೆಲ್ಲ ಅವರು ಖಾಲಿ ಎನ್ನುತ್ತಾರೆ. ನಾನು ನೋಟ್‌ಬುಕ್ ತೋರಿಸುತ್ತೇನೆ. ತಮ್ಮದೇ ಅಕ್ಷರ ಓದಿ ತಲೆಯಾಡಿಸುತ್ತಾರೆ. ಆಮೇಲೆ, "ಇರಲಿ, ಆದ್ರೂ ತುಂಬಿಸಿಕೊಂಡು ಬರೂಣು ನಡಿ" ಎನ್ನುತ್ತಾರೆ. ಪೆಟ್ರೋಲು ತುಂಬಿಸಲು ಹೋಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಹೋಗುತ್ತೇವೆ.